ಅಡ್ಮಿಷನ್ ತಂಡವನ್ನು ನಾಡಕಚೇರಿಯ ಸಾಲಿನಲ್ಲಿ ನಿಲ್ಲಿಸಿದೆ

2023ರಲ್ಲಿ ನಮ್ಮ ಕಾಲೇಜಿಗೆ ಸೇರಿದ ಮೇಲೆ ಟಿಸಿ ವಾಪಸ್ ಕೇಳಿದವರು 40ಕ್ಕೂ ಹೆಚ್ಚು. 2025ರಲ್ಲಿ 11. ಸೇರಿದವರ ಒಟ್ಟು ಸಂಖ್ಯೆ ಎರಡೂ ವರ್ಷ ಹೆಚ್ಚುಕಡಿಮೆ ಒಂದೇ, 280ರ ಆಸುಪಾಸು. ಹಾಸನದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಬಿ.ಕಾಂ, ಬಿಬಿಎ, ಬಿಸಿಎ ದಾಖಲಾತಿಯ ಹೊಣೆ ನನ್ನದು. "ಅಡ್ಮಿಷನ್ ಮಾಡುವವರಿಗೆ ಮಾತು ಬಂದರೆ ಸಾಕು, ಅದಕ್ಕೂ ತರಬೇತಿಯೇ?" ಎಂದು ಸಭೆಯಲ್ಲಿ ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಈಗ ಅವರೇ ಪಕ್ಕದ ಜಿಲ್ಲೆಯ ಸಂಸ್ಥೆಗೆ ನನ್ನನ್ನು ಕಳುಹಿಸಿಕೊಡಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣ ಹೋದ ದಾರಿ. 2022ರಲ್ಲಿ ಬೆಂಗಳೂರಿನಿಂದ ತರಬೇತುದಾರರೊಬ್ಬರನ್ನು ಕರೆಸಿದೆವು. ಎರಡು ದಿನಕ್ಕೆ ಊಟ, ವಸತಿ ಎಲ್ಲ ಸೇರಿ 65 ಸಾವಿರ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು, ಕೈ ಎಲ್ಲಿರಬೇಕು ಎಂಬುದೆಲ್ಲ ಆಯಿತು. ಜೊತೆಗೆ "ಇಲ್ಲ ಎಂಬ ಮಾತನ್ನೇ ಆಡಬೇಡಿ" ಎಂದು ಕಲಿಸಿ ಹೋದರು. ನಮ್ಮನ್ನು ಮುಳುಗಿಸಿದ್ದು ಆ ಒಂದು ಪಾಠ. ಹಾಸ್ಟೆಲ್ ಇದೆಯೇ ಎಂದರೆ "ವ್ಯವಸ್ಥೆ ಆಗುತ್ತದೆ", ವಿದ್ಯಾರ್ಥಿವೇತನ ಬರುತ್ತದೆಯೇ ಎಂದರೆ "ಖಂಡಿತ". ಮರುವರ್ಷ ಅಡ್ಮಿಷನ್ ತಂಡದವರಿಗೆ ಒಂದು ಸೀಟಿಗೆ 500 ರೂಪಾಯಿ ಪ್ರೋತ್ಸಾಹಧನ ಇಟ್ಟೆ. ಒಬ್ಬನೇ ಹುಡುಗನನ್ನು ಇಬ್ಬರು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಆಗಸ್ಟ್ ಹೊತ್ತಿಗೆ ನಾವು ಹಿಂತಿರುಗಿಸಿದ ಶುಲ್ಕವೇ ಎರಡೂವರೆ ಲಕ್ಷ ದಾಟಿತ್ತು. ಕೊಟ್ಟ ಪ್ರೋತ್ಸಾಹಧನವನ್ನು ತಂಡದ ಹುಡುಗರಿಂದ ವಾಪಸ್ ಕೇಳಲು ಮನಸ್ಸಾಗಲಿಲ್ಲ, ನಿಯಮ ಮಾಡಿದವನು ನಾನು.

2024ರ ಫೆಬ್ರವರಿಯಲ್ಲಿ ಆಲೂರು ಕಡೆಯ ರೈತರೊಬ್ಬರು ಬಂದರು. ಪ್ಲಾಸ್ಟಿಕ್ ಕವರ್ ಬಿಚ್ಚಿ ಮಗಳ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಆದಾಯ ಪ್ರಮಾಣಪತ್ರ ಆಕೆ ಎಂಟನೇ ತರಗತಿಯಲ್ಲಿದ್ದಾಗ ಮಾಡಿಸಿದ್ದು. ಅದರ ಅವಧಿ ಐದು ವರ್ಷ. ಎಂಟು, ಒಂಬತ್ತು, ಹತ್ತು, ಎರಡು ವರ್ಷ ಪಿಯು: ಪದವಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ದಾಖಲಾತಿಯ ದಿನ ನಮ್ಮವನು ಅದನ್ನು ನೋಡಿಯೂ "ಪರವಾಗಿಲ್ಲ, ಆಮೇಲೆ ಕೊಡಿ" ಎಂದಿದ್ದ. ವಿದ್ಯಾರ್ಥಿವೇತನ ತಪ್ಪಿತ್ತು. ಅವರು ಬೈಯಲಿಲ್ಲ. ಕಾಗದಗಳನ್ನು ಹಳೆಯ ಮಡಿಕೆಯ ಮೇಲೇ ಮಡಿಸಿ ಕವರ್‌ಗೆ ಸೇರಿಸುತ್ತಾ, "ಜೂನ್‌ನಲ್ಲೇ ಹೇಳಿದ್ದರೆ ಒಂದು ದಿನದ ಕೆಲಸ ಬಿಟ್ಟು ಮಾಡಿಸುತ್ತಿದ್ದೆ ಸಾರ್" ಎಂದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರ್ಚ್‌ನಲ್ಲಿ ಮಾತಿನ ತರಬೇತಿ ಪೂರ್ತಿ ನಿಲ್ಲಿಸಿದೆ. ಆರು ಜನ ಪ್ರತಿನಿಧಿಗಳನ್ನೂ ನಾಡಕಚೇರಿಗೆ ಕಳುಹಿಸಿ, ತಮ್ಮದೇ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಬರಲು ಹೇಳಿದೆ. ಸಂಬಳ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾನೆ ಎಂದು ಲೆಕ್ಕಪತ್ರ ವಿಭಾಗದವರು ಆಡಿಕೊಂಡರು. ಒಬ್ಬ ಹುಡುಗಿಗೆ ಅಂಕಪಟ್ಟಿಯಲ್ಲಿರುವ ತನ್ನ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಬೇರೆ ಎಂದು ಗೊತ್ತಾದದ್ದೇ ಆಗ. ಒಂದು ಇನಿಷಿಯಲ್ ಹಿಂದೆ ಮುಂದೆ ಆಗಿತ್ತು, ಅಷ್ಟೇ. ಈಗ ಎಲ್ಲರಿಗಿಂತ ಮೊದಲು ಹೆಸರಿನ ವ್ಯತ್ಯಾಸ ಹಿಡಿಯುವವಳು ಅವಳೇ.

ಆಮೇಲೆ ದಿನಾ ಬೆಳಗ್ಗೆ ಅರ್ಧ ಗಂಟೆ ಫೈಲ್ ಆಟ. ಹಳೆಯ ವಿದ್ಯಾರ್ಥಿಗಳ ಹೆಸರು ಬದಲಿಸಿ, ಬೇಕೆಂದೇ ತಪ್ಪು ಸೇರಿಸಿ ಫೈಲ್ ತಯಾರಿಸುತ್ತಿದ್ದೆ: ಅವಧಿ ಮುಗಿದ ಪ್ರಮಾಣಪತ್ರ, ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆ, ತಂದೆಯ ಹೆಸರಿನಲ್ಲಿ ಒಂದಕ್ಷರ ಬೇರೆ. ನಾಲ್ಕು ನಿಮಿಷದಲ್ಲಿ ಹುಡುಕಬೇಕು. ಖಾತೆಯ ತಪ್ಪಿಗೆ ಹೆಚ್ಚು ತೂಕ ಕೊಟ್ಟೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಿಂದ ಬರುವ ಹಣ ಆಧಾರ್ ಜೋಡಣೆಯಾದ ಖಾತೆಗೇ ಬೀಳುವುದು. ಮೊದಲ ವಾರ ಹತ್ತರಲ್ಲಿ ಮೂರೋ ನಾಲ್ಕೋ ಸಿಕ್ಕವು. ಮೇ ಮುಗಿಯುವಷ್ಟರಲ್ಲಿ ಒಂಬತ್ತು.

ಅದೇ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮನೆಯವರ ಫೋನಿನಿಂದ, ಬೇರೆ ಬೇರೆ ಪೋಷಕರಂತೆ, ಆರು ಜನಕ್ಕೂ ಕರೆ ಮಾಡಿಸಿದೆ. ಪದವಿ ಎಷ್ಟು ವರ್ಷ ಎಂಬ ಒಂದೇ ಪ್ರಶ್ನೆಗೆ ನಾಲ್ಕು ಬಗೆಯ ಉತ್ತರ ಬಂದವು. ಅಂದಿನಿಂದ ಗೋಡೆಯ ಮೇಲೆ "ಇಂದಿನ ಉತ್ತರ" ಎಂಬ ಹಲಗೆ ಇದೆ, ದಿನಾಂಕ ಸಮೇತ. 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಮೈಸೂರಿನಿಂದ ಬೇರೆಯಾದ ಮೇಲೆ, ಮಗಳ ಸರ್ಟಿಫಿಕೇಟ್ ಮೈಸೂರಿನದೋ ಹಾಸನ ವಿ.ವಿ. ಇರುವ ಹೇಮಗಂಗೋತ್ರಿಯದೋ ಎಂದು ಕೇಳದ ಪೋಷಕರಿಲ್ಲ. ಬಿಸಿಎ, ಬಿಬಿಎ ಕೋರ್ಸುಗಳು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ವ್ಯಾಪ್ತಿಗೆ ಬಂದದ್ದರ ಬಗ್ಗೆಯೂ ಕೇಳುತ್ತಾರೆ. ಹಲಗೆಯಲ್ಲಿ ಇಲ್ಲದ್ದನ್ನು ಯಾರೂ ಹೇಳಕೂಡದು. "ವಿಚಾರಿಸಿ ಸಂಜೆಯೊಳಗೆ ಫೋನ್ ಮಾಡುತ್ತೇನೆ" ಎನ್ನಬೇಕು, ಮಾಡಲೂ ಬೇಕು.

"ಇಲ್ಲ" ಎನ್ನುವುದನ್ನು ಕಲಿಸಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ನಾನೇ ಪೋಷಕನಾಗಿ ಎದುರು ಕುಳಿತು ಹಾಸ್ಟೆಲ್ ಕೇಳುತ್ತಿದ್ದೆ. ಬೇಲೂರಿನ ಹುಡುಗನೊಬ್ಬ ಒಂದು ವಾರ "ನೋಡೋಣ ಸಾರ್" ಬಿಟ್ಟು ಮುಂದೆ ಹೋಗಲಿಲ್ಲ. ಎಂಟನೇ ದಿನ, "ನಮ್ಮಲ್ಲಿ ಹಾಸ್ಟೆಲ್ ಇಲ್ಲ ಯಜಮಾನರೇ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿಕೊಡುತ್ತೇನೆ, ಸಿಗುತ್ತದೆ ಎಂದು ಮಾತು ಕೊಡಲಾರೆ" ಎಂದ. ಎದ್ದು ಅವನ ಕೈ ಕುಲುಕಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಕಲೇಶಪುರದ ಸಂತೆಯಲ್ಲಿ ಬ್ಯಾನರ್ ಕಟ್ಟಿ ಕುಳಿತೆವು. 9 ಸಾವಿರ ಖರ್ಚು, ಸಿಕ್ಕಿದ್ದು ಎರಡು ಫೋನ್ ನಂಬರ್. ಇನ್ನೊಂದು ಫಲ ಕೊಟ್ಟಿತು: ಪ್ರತಿನಿಧಿಗಳಿಗೆ ಅರಕಲಗೂಡು ಕಡೆಯ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹೋಗಲು ಹೇಳಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಪೋಷಕರಿಗೆ ಬಸ್ ಚಾರ್ಜಿನ ಚಿಂತೆಯಿಲ್ಲ. ಮಗಳು ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬುದೊಂದೇ ಚಿಂತೆ. ಬಸ್ಸಿನಲ್ಲಿ ನಿಂತು ಬಂದವರು ಆ ಉತ್ತರವನ್ನು ಗಂಟೆ ನಿಮಿಷ ಸಮೇತ ಕೊಡುತ್ತಾರೆ. ಅವರ ಮಾತು ಕೇಳಿಯೇ ಪ್ರಾಂಶುಪಾಲರು ಬಿಸಿಎ ಸಂಜೆ ಲ್ಯಾಬನ್ನು ಬೆಳಗ್ಗೆಗೆ ತಂದರು.

ಶುಲ್ಕದ ಕಂತಿನ ವಿಷಯ ಇನ್ನೂ ದೊಡ್ಡದು. ಮೇನಲ್ಲಿ ಈ ಕಡೆಯ ರೈತ ಬಿತ್ತನೆ ಆಲೂಗಡ್ಡೆಗೆ ಕೈಯಲ್ಲಿದ್ದದ್ದನ್ನೆಲ್ಲ ಸುರಿದಿರುತ್ತಾನೆ. ನಾವು ಅದೇ ತಿಂಗಳು ಪೂರ್ತಿ ಶುಲ್ಕ ಕೇಳುತ್ತಿದ್ದೆವು. ಕಾಫಿಯವರಿಗೆ ಹಣ ಬರುವುದು ಕೊಯ್ಲು ಮುಗಿದ ಮೇಲೆ. ಹಾಗಾಗಿ ಯಾವ ಬೆಳೆ ಎಂದು ಕೇಳಿ ಕಂತು ಬರೆಯುವುದನ್ನು ಕಲಿಸಿದೆ. ಆಲೂಗಡ್ಡೆಯವರಿಗೆ ಸೆಪ್ಟೆಂಬರ್, ಕಾಫಿಯವರಿಗೆ ಫೆಬ್ರವರಿ. ಸುಮಾರು 60 ಜನ ಹಾಗೆ ಕಟ್ಟಿದರು, ತಡ ಮಾಡಿದವರು ನಾಲ್ಕೈದು. ಬೆಳೆ ಕೇಳಿದ ತಕ್ಷಣ ತಾಯಿಗೆ ಕೇಳುವ ಇನ್ನೊಂದು ಪ್ರಶ್ನೆಯಿದೆ. ಸೇರುತ್ತಾರೋ ಇಲ್ಲವೋ ಎಂಬುದು ಅಲ್ಲೇ ತಿಳಿದುಹೋಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಊರಿನ ಬೇರೆ ಕಾಲೇಜಿನವರೂ ಓದುತ್ತಾರೆ.

ಈ ತರಬೇತಿಗೆ ಜೆರಾಕ್ಸ್, ಬಸ್ ಚಾರ್ಜು, ಚಹಾ ಎಲ್ಲ ಸೇರಿ ವರ್ಷಕ್ಕೆ 7 ಸಾವಿರ ದಾಟಿಲ್ಲ. ಮಾಡುವವರು ಮಾರ್ಚ್‌ನಲ್ಲೇ ಶುರುಮಾಡಿ, ದಾಖಲಾತಿ ಜೋರಾದ ಮೇಲೆ ಫೈಲ್ ಆಟಕ್ಕೆ ಪುರುಸೊತ್ತು ಸಿಗುವುದಿಲ್ಲ. ಆರು ಜನರಲ್ಲಿ ಇಬ್ಬರನ್ನು ಬೇರೆ ಕಾಲೇಜು ಹೆಚ್ಚಿನ ಸಂಬಳ ಕೊಟ್ಟು ಕರೆದುಕೊಂಡಿದೆ. ಅವರ ಜಾಗಕ್ಕೆ ಬಂದ ಇಬ್ಬರು ಸೋಮವಾರ ನಾಡಕಚೇರಿಗೆ ಹೋಗುತ್ತಾರೆ.