ತಂಡವನ್ನು ಕಾಳಜಿಯಿಂದ ನಡೆಸೋದು ಹೇಗೆ? ಕಹಿ ಮಾತನ್ನು ತಡ ಮಾಡದೆ ಹೇಳಿ

ನಾಲ್ಕಾರು ಜನರನ್ನು ನಡೆಸುವ ಕೆಲಸ ಹೆಗಲಿಗೆ ಬಿದ್ದ ಕೂಡಲೇ ಬಹಳಷ್ಟು ಜನ ಒಂದು ತೀರ್ಮಾನಕ್ಕೆ ಬರುತ್ತಾರೆ: ನಾನಂತೂ ಸಿಡುಕುವ ಬಾಸ್ ಆಗೋದಿಲ್ಲ. ಒಳ್ಳೆಯ ಆಸೆನೇ. ಆದರೆ ಆರು ತಿಂಗಳಲ್ಲಿ ಅದು ಯಾರಿಗೂ ಏನೂ ಹೇಳದೆ, ಎಲ್ಲದಕ್ಕೂ ಹೂಂ ಅಂದು, ನಗುತ್ತಾ ಓಡಾಡೋದಾಗಿ ಬದಲಾಗಿರುತ್ತದೆ. ಅದು ಕಾಳಜಿ ಅಲ್ಲ, ಜಗಳದ ಭಯ ಅಷ್ಟೇ. ನಿಜವಾದ ಕಾಳಜಿ ಕಾಣಿಸೋದು ನೀವು ಯಾರಿಗೆ ಎಷ್ಟು ಸಮಯ ಕೊಡ್ತೀರಿ, ಯಾರ ಮೇಲೆ ಎಷ್ಟು ಹೊರೆ ಹಾಕ್ತೀರಿ, ಹೇಳಲೇಬೇಕಾದ್ದನ್ನು ಯಾವಾಗ ಹೇಳ್ತೀರಿ ಅನ್ನೋದರಲ್ಲಿ.

ಮೊದಲು ಸಮಯದ ವಿಷಯ. ವಾರಕ್ಕೊಮ್ಮೆ, ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ, ಪ್ರತಿಯೊಬ್ಬರ ಜೊತೆ ಒಬ್ಬರೇ ಕೂತು ಅರ್ಧ ಗಂಟೆ ಮಾತಾಡಿ. ಬೇರೆ ಕೆಲಸ ಬಂತು ಅಂತ ಅದನ್ನು ಪದೇ ಪದೇ ಮುಂದಕ್ಕೆ ಹಾಕಬೇಡಿ, ಮೂರನೇ ಸಲಕ್ಕೆ ಅವರಿಗೆ ತಮ್ಮ ಜಾಗ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. "ಹೇಗಿದ್ದೀರಾ?" ಅಂತ ಕೇಳಿದರೆ "ಚೆನ್ನಾಗಿದ್ದೀನಿ" ಅಂತಲೇ ಉತ್ತರ ಬರೋದು. ಅದರ ಬದಲು "ಈ ವಾರ ಯಾವ ಕೆಲಸ ಜಾಸ್ತಿ ತಲೆ ತಿಂತು?", "ನನ್ನಿಂದ ಏನಾದ್ರೂ ತಡ ಆಗ್ತಿದೆಯಾ?" ಅಂತ ಕೇಳಿ. ಕೇಳಿದ ಮೇಲೆ ಸುಮ್ನಿರಿ. ಎರಡನೇ ಪ್ರಶ್ನೆಗೆ ಉತ್ತರ ಬರೋಕೆ ಸ್ವಲ್ಪ ಹೊತ್ತು ಬೇಕು, ಆ ಮೌನಕ್ಕೆ ಹೆದರಿ ನೀವೇ ಮಾತು ಶುರು ಮಾಡಿದರೆ ಕೆಲಸ ಕೆಟ್ಟಿತು. ಬಂದ ಉತ್ತರದಲ್ಲಿ ಒಂದನ್ನಾದರೂ ಮುಂದಿನ ಭೇಟಿಯೊಳಗೆ ಮಾಡಿ ತೋರಿಸಿ. ಕೇಳಿ ಕೇಳಿ ಏನೂ ಮಾಡದವರಿಗಿಂತ ಕೇಳದೇ ಇರೋರೇ ವಾಸಿ ಅಂತ ಜನಕ್ಕೆ ಅನ್ನಿಸುತ್ತದೆ.

ಇನ್ನು ತಪ್ಪುಗಳ ವಿಷಯ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ಉಲ್ಟಾ ಬಂತು. ಒಳ್ಳೆಯ ಮುಂದಾಳು ಇದ್ದ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. ಒಳಹೊಕ್ಕು ನೋಡಿದಾಗ ತಿಳಿದದ್ದು, ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಆದ್ದರಿಂದ ಯಾರಾದರೂ ಬಂದು "ಒಂದು ಎಡವಟ್ಟಾಗಿದೆ" ಅಂದಾಗ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ ತುಂಬಾ ಮುಖ್ಯ. "ಬೇಗ ಹೇಳಿದ್ದು ಒಳ್ಳೇದಾಯ್ತು, ಈಗ ಏನು ಮಾಡಿದರೆ ಹಾನಿ ಇಲ್ಲಿಗೇ ನಿಲ್ಲುತ್ತೆ?" ಅನ್ನಿ. ಯಾರು, ಯಾಕೆ ಅನ್ನೋದೆಲ್ಲ ಆಮೇಲೆ. ಆ ಹೊತ್ತಿಗೆ ಮುಖ ಗಂಟಿಕ್ಕಿಕೊಂಡರೂ ಸಾಕು, ಮುಂದಿನ ತಪ್ಪು ನಿಮ್ಮವರೆಗೆ ಬರೋದೇ ಇಲ್ಲ.

ಹಾಗಂತ ಎಲ್ಲವನ್ನೂ ಬಿಟ್ಟುಕೊಡೋದಲ್ಲ. ಎಲ್ಲಕ್ಕಿಂತ ಕಷ್ಟದ ಭಾಗ ಇದೇ, ಇಲ್ಲೇ ಹೆಚ್ಚಿನವರು ಜಾರೋದು. ಒಬ್ಬರ ಕೆಲಸ ಸರಿ ಬರುತ್ತಿಲ್ಲ. ಅವರು ಒಳ್ಳೆಯ ಮನುಷ್ಯ, ಹೇಳಿದರೆ ನೊಂದುಕೊಳ್ಳುತ್ತಾರೆ ಅಂತ ನೀವು ಸುಮ್ಮನಿದ್ದೀರಿ. ಅವರು ಕೊಟ್ಟ ವರದಿಯನ್ನು ಪಕ್ಕದವರು ರಾತ್ರಿ ಕೂತು ಸರಿ ಮಾಡುತ್ತಿದ್ದಾರೆ. ನೀವು ಒಬ್ಬರಿಗೆ ತೋರಿಸಿದ ಕರುಣೆಯ ಖರ್ಚು ಇನ್ನೊಬ್ಬರ ನಿದ್ದೆಯಿಂದ ಹೋಗುತ್ತಿದೆ. ಆ ಒಳ್ಳೆಯ ಮನುಷ್ಯನಿಗಾದರೂ ಲಾಭವಾಯಿತಾ ಅಂದರೆ ಅದೂ ಇಲ್ಲ, ವರ್ಷದ ಕೊನೆಗೆ ಎಲ್ಲಾ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ.

ಹೇಳುವಾಗ ಒಬ್ಬರೇ ಇದ್ದಾಗ ಹೇಳಿ, ಆದ ವಾರದೊಳಗೇ ಹೇಳಿ. ನೀವೇ ಕಂಡಿದ್ದನ್ನು ಹೇಳಿ: "ಕಳೆದ ಮೂರು ವರದಿಗಳಲ್ಲಿ ಲೆಕ್ಕ ತಪ್ಪಿದೆ. ಕೊನೆಯದನ್ನು ಬೇರೆಯವರು ಕೂತು ತಿದ್ದಬೇಕಾಯ್ತು. ಏನಾಗ್ತಿದೆ ಹೇಳಿ." "ನೀವು ಸ್ವಲ್ಪ ಗಮನ ಕೊಡಬೇಕು ಅನ್ಸುತ್ತೆ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಅವರು ಹೊರಗೆ ಹೋಗಿ ಅದಕ್ಕೆ ಏನರ್ಥ ಅಂತ ಎರಡು ದಿನ ಕೊರಗುತ್ತಾರೆ. "ಎಲ್ಲರೂ ಹೀಗೆ ಹೇಳ್ತಿದ್ದಾರೆ" ಅಂತಂತೂ ದಯವಿಟ್ಟು ಹೇಳಬೇಡಿ, ಅಂದಿನಿಂದ ಅವರಿಗೆ ಇಡೀ ತಂಡವೇ ಶತ್ರು. ಎರಡು ಹೊಗಳಿಕೆಯ ನಡುವೆ ಟೀಕೆ ತುರುಕುವ ಚಾಳಿಯೂ ನನಗೆ ಇಷ್ಟವಿಲ್ಲ, ಕೇಳಿದವರಿಗೆ ಹೊಗಳಿಕೆ ಮಾತ್ರ ನೆನಪಿರುತ್ತೆ ಅಥವಾ ಹೊಗಳಿಕೆಯನ್ನೇ ನಂಬದಂತಾಗುತ್ತಾರೆ. ಎದ್ದು ಹೋಗುವ ಮೊದಲು ಮುಂದಿನ ಹೆಜ್ಜೆ ಒಪ್ಪಿಕೊಳ್ಳಿ. ಮುಂದಿನ ವರದಿಯನ್ನು ಒಂದು ದಿನ ಮುಂಚೆ ಇಬ್ಬರೂ ಕೂತು ನೋಡೋಣ, ಅಷ್ಟಾದರೂ ಸಾಕು.

ಹೊರೆ ಹಂಚೋದಕ್ಕೆ ಧ್ರುವ ಪ್ರದೇಶಗಳ ಅನ್ವೇಷಕ ಶ್ಯಾಕಲ್‌ಟನ್ ಕಥೆ ಒಳ್ಳೆಯ ಉದಾಹರಣೆ. 1915ರಲ್ಲಿ ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಎಂಡ್ಯೂರೆನ್ಸ್ ಹಡಗು ನುಚ್ಚುನೂರಾಯಿತು, 28 ಜನ ಮಂಜುಗಡ್ಡೆಯ ಮೇಲೆ ಇಳಿದರು. ತುಪ್ಪಳದ ಬೆಚ್ಚನೆಯ ಮಲಗುವ ಚೀಲಗಳು ಇದ್ದದ್ದು 18 ಮಾತ್ರ, ಉಳಿದವರಿಗೆ ಉಣ್ಣೆಯದು. ಚೀಟಿ ಎತ್ತಿದರು. ವಿಚಿತ್ರ ಅಂದ್ರೆ ಶ್ಯಾಕಲ್‌ಟನ್‌ಗೂ ಹಿರಿಯ ಅಧಿಕಾರಿಗಳಿಗೂ ಉಣ್ಣೆಯ ಚೀಲವೇ ಬಂತು! ಚೀಟಿಯಲ್ಲಿ ಏನೋ ಕೈಚಳಕ ನಡೆದಿದೆ ಅಂತ ನಾವಿಕರಿಗೆ ಗೊತ್ತಾಗಿತ್ತು. ನಿಮ್ಮಲ್ಲೂ ಯಾರಿಗೂ ಬೇಡವಾದ ಪಾಳಿ, ಸಿಡುಕುವ ಗ್ರಾಹಕ, ರಜೆಯ ದಿನದ ಕರೆ ಇದ್ದೇ ಇರುತ್ತದೆ. ಅದರಲ್ಲಿ ನಿಮ್ಮ ಪಾಲು ತಗೊಳ್ಳಿ, ಭಾಷಣ ಬೇಕಾಗಿಲ್ಲ. ಅಂದಹಾಗೆ ಅದೇ ಶ್ಯಾಕಲ್‌ಟನ್, ಎದುರು ಮಾತಾಡಿದ ಬಡಗಿ ಮೆಕ್‌ನಿಶ್‌ಗೆ ಧ್ರುವಯಾನ ಮಾಡಿದವರಿಗೆ ಕೊಡುವ ಪೋಲಾರ್ ಪದಕ ಸಿಗದಂತೆ ಮಾಡಿದರು. ಎಲ್ಲರ ಜೀವ ಉಳಿಸಿದ ದೋಣಿಯನ್ನು ಸಮುದ್ರಕ್ಕೆ ಸಜ್ಜು ಮಾಡಿದವನು ಆತನೇ. ನಿಮ್ಮ ತಂಡದಲ್ಲೂ ನೀವು ಒಳಗೊಳಗೇ ಪಟ್ಟಿಯಿಂದ ತೆಗೆದುಹಾಕಿದವರು ಯಾರಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.

ಯಾರದಾದರೂ ಮನೆಯಲ್ಲಿ ಸಾವು, ಕಾಯಿಲೆ ಬಂದಾಗ "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. ಆ ಸ್ಥಿತಿಯಲ್ಲಿ ಏನು ಬೇಕು ಅಂತ ಯೋಚಿಸೋದೂ ಅವರಿಗೊಂದು ಕೆಲಸ. "ನಿಮ್ಮ ಎರಡು ಕೆಲಸ ಬೇರೆಯವರಿಗೆ ಕೊಟ್ಟಿದ್ದೀನಿ, ಶುಕ್ರವಾರದ ಮೀಟಿಂಗ್ ನಾನು ನೋಡ್ಕೋತೀನಿ, ಉಳಿದವರಿಗೆ ಎಷ್ಟು ಹೇಳಲಿ?" ಅಂತ ಕೇಳಿ. ಈ ಕೊನೆಯ ಪ್ರಶ್ನೆ ಮರೆಯಬೇಡಿ, ಅವರ ಸಂಕಟ ಅವರದ್ದು. ಮೊದಲ ವಾರ ಎಲ್ಲರೂ ವಿಚಾರಿಸುತ್ತಾರೆ. ಎರಡು ತಿಂಗಳ ನಂತರ ಯಾರೂ ಕೇಳೋದಿಲ್ಲ, ಆಗ ಕೇಳಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೂ ತಪ್ಪೇನಿಲ್ಲ.

ಇಷ್ಟೆಲ್ಲ ಮಾಡುತ್ತಾ ನೀವೇ ಸೋತುಹೋಗೋದೂ ಉಂಟು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಓಲ್ಗಾ ಕ್ಲಿಮೆಕಿ, ಟಾನಿಯಾ ಸಿಂಗರ್ ಮತ್ತು ಜೊತೆಗಾರರು ಮಾಡಿದ ಪ್ರಯೋಗದಲ್ಲಿ, ಬೇರೆಯವರ ನೋವನ್ನು ತಮ್ಮದೇ ಎಂಬಂತೆ ಅನುಭವಿಸಲು ತರಬೇತಿ ಪಡೆದವರು ಇನ್ನಷ್ಟು ಕುಗ್ಗಿದರು. ಅವರಿಗೇ ಆಮೇಲೆ ಎದುರಿನವರಿಗೆ ಒಳ್ಳೆಯದಾಗಲಿ ಅಂತ ಬಯಸುವ ಅಭ್ಯಾಸ ಮಾಡಿಸಿದಾಗ ಮನಸ್ಸು ಚೇತರಿಸಿಕೊಂಡಿತು. ಯಾರಾದರೂ ಅಳುತ್ತಿದ್ದರೆ ನೀವೂ ಅಳಬೇಕಾಗಿಲ್ಲ. ಈಗ ಇವರಿಗೆ ನನ್ನ ಕೈಲಾಗೋದು ಏನು ಅಂತ ಯೋಚಿಸಿ. ಏನೂ ಇಲ್ಲದಿದ್ದರೆ ಪೂರ್ತಿ ಕೇಳಿಸಿಕೊಂಡು, ರಾತ್ರಿ ನಿದ್ದೆ ಮಾಡಿ.

ಕೊನೆಗೆ, ಯಾರನ್ನಾದರೂ ಕೆಲಸದಿಂದ ಕಳಿಸಲೇಬೇಕಾದ ದಿನ. ಸುತ್ತಿ ಬಳಸಬೇಡಿ, ಮೊದಲ ನಿಮಿಷದಲ್ಲೇ ವಿಷಯ ಹೇಳಿ. "ನನಗೂ ತುಂಬಾ ನೋವಾಗ್ತಿದೆ" ಅನ್ನಬೇಡಿ, ಆ ಹೊತ್ತಲ್ಲಿ ನಿಮ್ಮನ್ನು ಸಮಾಧಾನ ಮಾಡೋದು ಅವರ ಕೆಲಸ ಅಲ್ಲ. ಕೊನೆಯ ದಿನ ಯಾವುದು, ಬರಬೇಕಾದ ಹಣ ಎಷ್ಟು, ಯಾವಾಗ ಸಿಗುತ್ತೆ, ಮುಂದೆ ಪ್ರಶ್ನೆ ಬಂದರೆ ಯಾರನ್ನು ಕೇಳಬೇಕು, ಇದೆಲ್ಲ ಹಾಳೆಯಲ್ಲಿ ಬರೆದು ಕೈಗೆ ಕೊಡಿ, ಯಾಕಂದ್ರೆ ಮೊದಲ ವಾಕ್ಯದ ನಂತರ ಹೇಳಿದ್ದು ಯಾವುದೂ ತಲೆಗೆ ಹೋಗಿರೋದಿಲ್ಲ. ಉಳಿದವರಿಗೂ ಅದೇ ದಿನ ನೀವೇ ಹೇಳಿ. ಹೋದವರ ಕೆಲಸ ಯಾರ ಪಾಲಿಗೆ ಬರುತ್ತೆ ಅನ್ನೋದನ್ನೂ ಸೇರಿಸಿ ಹೇಳಿ, ಅದನ್ನು ಕೇಳೋಕೆ ಅವರಿಗೆ ಆ ದಿನ ಮುಜುಗರ ಆಗಿರುತ್ತದೆ.