ಅಡಿಕೆ ಕೊಯ್ಲಿನ ದಿನಗಳಲ್ಲೂ ಲಿಂಗಪೂಜೆ

ಮನಸ್ಸು ಶಾಂತವಾದ ಮೇಲೆ ಪೂಜೆಗೆ ಕೂರುತ್ತೇನೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಕೂತುಬಿಡಿ. ಶಿಕಾರಿಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ದೀಪಾವಳಿಯ ಆಸುಪಾಸಿಗೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಉಸಿರಾಡಲು ಪುರುಸೊತ್ತಿಲ್ಲ. ಸುಲಿಯುವವರು, ಕುದಿಯುವ ಹಂಡೆ, ಹರವುವ ಅಟ್ಟ, ಎಲ್ಲರಿಗೂ ಊಟ ತಿಂಡಿ. ಇದರ ನಡುವೆಯೇ ಪೂಜೆ ಉಳಿಸಿಕೊಂಡಿದ್ದೇನೆ.

ಹಂಡೆಗೆ ಬೆಂಕಿ ಹಾಕುವ ಮೊದಲೇ ಸ್ನಾನ ಮುಗಿಸುತ್ತೇನೆ. ದೀಪ ಹಚ್ಚಿ, ವಿಭೂತಿ ಧರಿಸಿ, ಕೊರಳಲ್ಲಿ ಧರಿಸುವ ಪುಟ್ಟ ಡಬ್ಬಿಯಾದ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ನೀರೆರೆದು, ಒರೆಸಿ, ವಿಭೂತಿ ಹಚ್ಚಿ ಪತ್ರೆ ಏರಿಸಲು ಹೆಚ್ಚು ಹೊತ್ತು ಬೇಡ. ನಾನು ಹೊತ್ತು ಕೊಡುವುದು ಆಮೇಲಿನ ನೋಟಕ್ಕೆ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಲಿಂಗದ ನುಣುಪಾದ ಕಪ್ಪು ಮೈಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಕಾಣುತ್ತದೆ. ಕಣ್ಣು ಅಲ್ಲಿ, ಒಳಗೆ ‘ಓಂ ನಮಃ ಶಿವಾಯ’. ಮೊದಮೊದಲು ಕೈ ನಡುಗಿ ಚುಕ್ಕಿ ಅಲುಗುತ್ತದೆ. ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡರೆ ನಿಲ್ಲುತ್ತದೆ. ಮನಸ್ಸು ಕೂಲಿಯ ಲೆಕ್ಕಕ್ಕೆ ಜಾರಿದ್ದು ತಿಳಿಯುವುದೂ ಕೈಯಿಂದಲೇ, ಅದು ಅಷ್ಟರಲ್ಲಿ ಕೆಳಗಿಳಿದಿರುತ್ತದೆ. ಎತ್ತಿ ಹಿಡಿದರೆ ಆಯಿತು.

ಸುಲಿತದ ದಿನಗಳಲ್ಲಿ ಅಂಗೈಯ ಕಲೆ ಸೋಪಿಗೆ ಜಗ್ಗುವುದಿಲ್ಲ. “ಇಂಥ ಕೈಯಲ್ಲಿ ಲಿಂಗ ಹಿಡಿಯುತ್ತೀಯಾ?” ಎಂದು ಅತ್ತಿಗೆ ಕೇಳಿದ್ದರು. “ಕಾಯಕದ ಕೈ, ಅತ್ತಿಗೆ” ಎಂದೆ. 12ನೇ ಶತಮಾನದಲ್ಲಿ ಬಟ್ಟೆ ಒಗೆಯುತ್ತಿದ್ದ ಮಾಚಯ್ಯ, ದೋಣಿ ನಡೆಸುತ್ತಿದ್ದ ಚೌಡಯ್ಯ ಲಿಂಗವನ್ನು ಹಿಡಿದದ್ದು ದುಡಿದ ಕೈಯಲ್ಲೇ ಅಲ್ಲವೇ?

ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭುಗಳು ಅರಿವಿಲ್ಲದ ಬರೀ ತೋರಿಕೆಯ ಪೂಜೆಯನ್ನು ಒಪ್ಪಲಿಲ್ಲ. ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ನಂಬಿ ಮನೆ ತೊರೆದು ನಡೆದಳು. ಅಷ್ಟು ದೊಡ್ಡ ಹೆಜ್ಜೆ ನನ್ನಿಂದಾಗದು, ಆದರೆ ಅವಳು ದೇವರೊಂದಿಗೆ ಇಟ್ಟುಕೊಂಡ ಸಲಿಗೆ ನನಗೂ ಬೇಕು. ಅದಕ್ಕೇ ಪೂಜೆಯ ಹೊತ್ತಿನಲ್ಲಿ ನಾನು ಏನನ್ನೂ ಬೇಡುವುದಿಲ್ಲ. ಮಗಳ ಪರೀಕ್ಷೆ, ಕೊಳೆರೋಗಕ್ಕೆ ಉದುರಿದ ಕಾಯಿ, ಸಿಟ್ಟು, ಸಂಕಟ ಎಲ್ಲವನ್ನೂ ಹಗಲೆಲ್ಲ ಕೆಲಸ ಮಾಡುತ್ತಲೇ ಅವನಿಗೆ ಹೇಳಿಕೊಳ್ಳುತ್ತೇನೆ. ಎದೆಯ ಮೇಲೆಯೇ ಇದ್ದಾನಲ್ಲ, ಕೂಗಬೇಕಾಗಿಲ್ಲ.

ಒಂದು ರಾತ್ರಿ ನಮ್ಮ ಯಜಮಾನರಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಓಡಿದೆವು. ಸ್ನಾನವಿಲ್ಲ, ದೀಪವಿಲ್ಲ, ಪತ್ರೆಯಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಕರಡಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ. ದಿನವೂ ನೋಡುವ ಚುಕ್ಕಿ ತಾನಾಗಿ ಬಂತು. ನರ್ಸ್ ಬಂದು ಕಾಗದಕ್ಕೆ ಸಹಿ ಕೇಳಿದಾಗ ಭಯವಿತ್ತು, ಆದರೆ ಅಕ್ಷರ ನೆಟ್ಟಗೆ ಬಂದವು. ಯಜಮಾನರು ಈಗ ತೋಟಕ್ಕೆ ಹೋಗಿ ಬರುವಷ್ಟು ಗಟ್ಟಿಯಾಗಿದ್ದಾರೆ.

ಲಿಂಗದೀಕ್ಷೆ ಪಡೆದು ಪೂಜೆ ಬಿಟ್ಟವರು ಮತ್ತೆ ಶುರು ಮಾಡುವಾಗ ದೊಡ್ಡ ನೇಮ ಹಾಕಿಕೊಳ್ಳಬೇಡಿ. ಹೊತ್ತು ಕಡಿಮೆಯೇ ಇರಲಿ, ಕೂರುವ ಜಾಗ ದಿನವೂ ಒಂದೇ ಇರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ.