ಉಸಿರು ಊದುವ ಮೊದಲು ಕೇಳಿದ ಪ್ರಶ್ನೆ

ಹೊಟ್ಟೆಯುಬ್ಬರ, ಭೇದಿ ಎಂದು ಹೇಳಿಕೊಂಡು ಹೋದರೆ, ವಿಜಯಪುರದ ವೈದ್ಯರು ಮೊದಲು ವಿಚಾರಿಸಿದ್ದು ನನ್ನ ಬಾಲ್ಯವನ್ನು. ಎಳವೆಯಲ್ಲಿ ಹಣ್ಣು, ಸಕ್ಕರೆ ತಿನ್ನಿಸಿದಾಗ ವಾಂತಿ ಆಗುತ್ತಿತ್ತೇ? ಸಿಹಿ ಎಂದರೆ ದೂರ ಓಡುತ್ತಿದ್ದಿರೇ? ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. “ಹೋಳಿಗೆ ಮಾಡಿದರೆ ನಿನ್ನಿಂದ ಮುಚ್ಚಿಡಬೇಕಾಗುತ್ತಿತ್ತು” ಎಂದಳು.

ಆ ಪ್ರಶ್ನೆ ಏಕೆ ಮುಖ್ಯ ಎಂಬುದು ನನಗೆ ಆಮೇಲೆ ತಿಳಿಯಿತು. ಹಣ್ಣು, ಜೇನು, ಸಕ್ಕರೆಗಳಲ್ಲಿರುವ ಫ್ರುಕ್ಟೋಸ್ ಎಂಬ ಸಿಹಿ ಅಂಶ ಒಗ್ಗದ ತೊಂದರೆಯಲ್ಲಿ ಎರಡು ಬಗೆ. ಒಂದು ಹುಟ್ಟಿನಿಂದ ಬರುವುದು: ಆಲ್ಡೊಲೇಸ್ ಬಿ ಎಂಬ ಕಿಣ್ವದ ಕೊರತೆ. ಅಂಥವರಿಗೆ ಉಸಿರಿನ ಪರೀಕ್ಷೆಗೆಂದು ಫ್ರುಕ್ಟೋಸ್ ಕುಡಿಸಿದರೆ ರಕ್ತದ ಸಕ್ಕರೆ ಕುಸಿದು ಜೀವಕ್ಕೇ ಅಪಾಯ. ಅವರಿಗೆ ಮಾಡಬೇಕಾದದ್ದು ವಂಶವಾಹಿ ಪರೀಕ್ಷೆ. ಹಣ್ಣು ಕೊಟ್ಟಾಗಲೆಲ್ಲ ಕೂಸು ವಾಂತಿ ಮಾಡಿಕೊಂಡು ಮಂಕಾಗುತ್ತಿದ್ದರೆ ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ, ಮಕ್ಕಳ ವೈದ್ಯರ ಬಳಿಗೆ ಹೋಗಿ. ಇನ್ನೊಂದು ನನ್ನದು: ಕರುಳು ಪೂರ್ತಿ ಹೀರಿಕೊಳ್ಳದ ಫ್ರುಕ್ಟೋಸ್ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಹುದುಗುತ್ತದೆ. ಆಗ ಹುಟ್ಟುವ ಹೈಡ್ರೋಜನ್ ರಕ್ತಕ್ಕೆ ಸೇರಿ, ಶ್ವಾಸಕೋಶದಿಂದ ಉಸಿರಿನಲ್ಲಿ ಹೊರಬರುತ್ತದೆ. ಅದನ್ನೇ ಅಳೆಯುತ್ತಾರೆ.

ಪರೀಕ್ಷೆಗೆ ಬೆಳಗಾವಿಗೆ ಹೋದೆ. ಮೊದಲ ಸಲ ಕೆಲಸವಾಗಲಿಲ್ಲ. ಹಿಂದಿನ ರಾತ್ರಿ ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ ಉಂಡಿದ್ದೆ; ಏನೂ ಕುಡಿಯುವ ಮೊದಲೇ ಅಳತೆ ಏರಿತ್ತು. ಎರಡನೆಯ ಸಲ ಹಿಂದಿನ ದಿನವಿಡೀ ಬಿಳಿ ಅನ್ನ, ಮೊಟ್ಟೆ, ರಾತ್ರಿಯಿಂದ ನೀರು ಮಾತ್ರ. ಆ್ಯಂಟಿಬಯೋಟಿಕ್ ಮುಗಿಸಿ ನಾಲ್ಕು ವಾರ ಕಳೆದಿರಬೇಕೆಂದೂ ಹೇಳಿದ್ದರು. ನೀರಿನಲ್ಲಿ ಕದಡಿದ 25 ಗ್ರಾಂ ಫ್ರುಕ್ಟೋಸ್ ಕುಡಿದು, ಮೂರು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ ಊದಿದೆ. ಆರಂಭದಲ್ಲಿ 4 ಪಿಪಿಎಂ (ಹತ್ತು ಲಕ್ಷ ಭಾಗ ಉಸಿರಿನಲ್ಲಿ 4 ಭಾಗ ಹೈಡ್ರೋಜನ್), ಒಂದೂವರೆ ಗಂಟೆಗೆ 51. ಮೊದಲಿನದಕ್ಕಿಂತ 20 ಏರಿದರೆ ಪರೀಕ್ಷೆ ಪಾಸಿಟಿವ್. ಅಷ್ಟರಲ್ಲಿ ಹೊಟ್ಟೆಯೂ ಗುಡುಗುಡಿಸತೊಡಗಿತ್ತು, ಅದನ್ನೂ ಬರೆದುಕೊಂಡರು.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ನಾನು. ತೋಟದ ಹಣ್ಣನ್ನೇ ಬಿಡಬೇಕೆಂದು ಹೆದರಿದ್ದೆ. ಆದರೆ ದ್ರಾಕ್ಷಿಯಲ್ಲಿ ಗ್ಲೂಕೋಸ್ ಹೆಚ್ಚುಕಡಿಮೆ ಫ್ರುಕ್ಟೋಸಿನಷ್ಟೇ ಇರುತ್ತದೆ, ಅದು ಫ್ರುಕ್ಟೋಸ್ ಹೀರಿಕೆಗೆ ನೆರವಾಗುತ್ತದೆ. ಜೇನುತುಪ್ಪದಲ್ಲಿ, ಮಾವಿನಲ್ಲಿ ಫ್ರುಕ್ಟೋಸಿನದೇ ಮೇಲುಗೈ. ಆರೋಗ್ಯಕ್ಕೆಂದು ದಿನವೂ ಬೆಳಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು ಹಾಕಿ ಕುಡಿಯುತ್ತಿದ್ದೆ! ಅದನ್ನು ನಿಲ್ಲಿಸಿದ ವಾರದಲ್ಲೇ ಹೊಟ್ಟೆ ಹಗುರಾಯಿತು. ಶೆಡ್ಡಿನಲ್ಲಿ ಮುಷ್ಟಿಗಟ್ಟಲೆ ಒಣದ್ರಾಕ್ಷಿ ತಿನ್ನುವುದನ್ನೂ ಬಿಟ್ಟೆ. ಹಸಿ ದ್ರಾಕ್ಷಿಯನ್ನು ಊಟವಾದ ಮೇಲೆ ಎಣಿಸಿ ಹತ್ತು ತಿನ್ನುತ್ತೇನೆ, ಒಗ್ಗುತ್ತಿದೆ.